ಕಪ್ಪು ಕೂದಲು, ಕಪ್ಪು ಕಣ್ಣು: ಯಾರು ಹೇಳಿ?

ಪತ್ರಿಕೆಯ ಒಳಪುಟದಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಪೊಲೀಸ್ ಪ್ರಕಟಣೆ ಬರುತ್ತದಲ್ಲ, ಅದನ್ನೊಮ್ಮೆ ಗಮನಿಸಿ. ಐದೂವರೆ ಅಡಿ ಎತ್ತರ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೆನ್ನೆಯ ಮೇಲೆ ಮಚ್ಚೆ, ಮೈಮೇಲೆ ನೀಲಿ ಗೀಟಿನ ಅಂಗಿ. ಪೂರ್ಣ ವಾಕ್ಯವೇ ಇಲ್ಲ. ಹೊಗಳಿಕೆಯಿಲ್ಲ, ತೆಗಳಿಕೆಯೂ ಇಲ್ಲ. ಬಸ್ ನಿಲ್ದಾಣದಲ್ಲಿ ಆ ಮನುಷ್ಯ ಎದುರಾದರೆ ಗುರುತು ಸಿಗಬೇಕು, ಅಷ್ಟೇ. ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಚಹರೆ ಹೇಳುವುದನ್ನು ಕಲಿಸುವಾಗ ನಾವು ಮರೆಯುವುದು ಇದನ್ನೇ.

ನಾವು ಕಲಿಸುವುದು ವಿರುದ್ಧ ಪದಗಳನ್ನು. ಟಾಲ್–ಶಾರ್ಟ್, ಫ್ಯಾಟ್–ಥಿನ್, ಬ್ಯೂಟಿಫುಲ್–ಅಗ್ಲಿ. ಜೋಡಿ ಮಾಡಿದರೆ ಬಾಯಿಪಾಠ ಸುಲಭ, ನಿಜ. ಆದರೆ ನಮ್ಮಲ್ಲಿ ಬಹುಪಾಲು ಜನ ಈ ಜೋಡಿಗಳ ನಡುವೆ, ಪೊಲೀಸರು ಹೇಳುವ ‘ಸಾಧಾರಣ ಮೈಕಟ್ಟಿ’ನಲ್ಲಿದ್ದೇವೆ. ಹೊರದೇಶದ ಪುಸ್ತಕಗಳದ್ದು ಇನ್ನೊಂದು ಪಾಡು: ಹೊಂಬಣ್ಣದ ಕೂದಲು, ಕೆಂಗೂದಲು, ನೀಲಿ ಕಣ್ಣು. ಇಂಗ್ಲೆಂಡಿನ ತರಗತಿಯಲ್ಲಿ ಕೂದಲಿನ ಬಣ್ಣ ಹೇಳಿದರೆ ಅರ್ಧ ಮಕ್ಕಳನ್ನು ಬದಿಗೆ ಸರಿಸಬಹುದು. ಹಾಸನದ ಒಂದು ತರಗತಿಯಲ್ಲಿ ‘ಬ್ಲ್ಯಾಕ್ ಹೇರ್, ಬ್ಲ್ಯಾಕ್ ಐಸ್’ ಎಂದರೆ? ವ್ಯಾಕರಣ ಸರಿ, ಸುದ್ದಿ ಸೊನ್ನೆ. ಅಲ್ಲಿ ಬೇಕಾದದ್ದು ಎರಡು ಜಡೆ, ಗುಂಗುರು ಕೂದಲು, ಕನ್ನಡಕ, ಗುಳಿಕೆನ್ನೆ, ಬಿದ್ದ ಮುಂಹಲ್ಲು.

ಪ್ರಶ್ನೆಯಲ್ಲೇ ಎಡವುವವರೂ ಇದ್ದಾರೆ. ಕನ್ನಡದಲ್ಲಿ ‘ಅವಳು ಹೇಗಿದ್ದಾಳೆ?’ ಎಂದರೆ ಕ್ಷೇಮವೂ ಆದೀತು, ರೂಪವೂ ಆದೀತು. ಹೆಣ್ಣು ನೋಡಿ ಬಂದವರನ್ನು ಕೇಳಿದರೆ ಒಂದರ್ಥ, ಆಸ್ಪತ್ರೆಯಿಂದ ಬಂದವರನ್ನು ಕೇಳಿದರೆ ಇನ್ನೊಂದು. ಇಂಗ್ಲಿಷಿನ ‘ಹೌ ಈಸ್ ಶಿ?’ ಸಾಮಾನ್ಯವಾಗಿ ಕ್ಷೇಮಕ್ಕೆ ಮಾತ್ರ. ರೂಪಕ್ಕೆ ‘ವಾಟ್ ಡಸ್ ಶಿ ಲುಕ್ ಲೈಕ್?’ ಎನ್ನಬೇಕು. ಅದರ ಕೊನೆಯ ‘ಲೈಕ್’ ಕೇಳಿದ ಮಗು ಅವಳಿಗೆ ಮಾವಿನಹಣ್ಣು ಇಷ್ಟ ಎಂದು ಉತ್ತರಿಸಿದರೆ ತಪ್ಪು ಮಗುವಿನದಲ್ಲ.

ಇನ್ನು ‘ಹಿ ಈಸ್ ಲಾಂಗ್ ಹೇರ್’. ಕನ್ನಡದಲ್ಲಿ ‘ಹ್ಯಾವ್’ಗೆ ಸರಿಸಾಟಿಯಾದ ಕ್ರಿಯಾಪದವಿಲ್ಲ, ನಾವು ‘ಅವನಿಗೆ ಮೀಸೆ ಇದೆ’ ಎನ್ನುತ್ತೇವೆ, ‘ಅವನು ಎತ್ತರ’ ಎನ್ನುತ್ತೇವೆ. ಹಾಗಾದರೆ ಕನ್ನಡವನ್ನೇ ಕೇಳಿ: ‘ಅವನಿಗೆ’ ಬಂದರೆ ‘ಹ್ಯಾಸ್’, ‘ಅವನು’ ಬಂದರೆ ‘ಈಸ್’. ‘ಅವನಿಗೆ ಹತ್ತು ವರ್ಷ’ ಎಂಬಲ್ಲಿ ಈ ಸೂತ್ರ ಕೈಕೊಡುತ್ತದೆ, ಒಪ್ಪುತ್ತೇನೆ. ಆದರೂ ಮೀಸೆ, ಗಡ್ಡ, ಮಚ್ಚೆಗಳ ಮಟ್ಟಿಗೆ ಸಾಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಸೊಲ್ಲೇ ಕೂಡದು ಎನ್ನುವವರು ಮಗುವಿನ ಕೈಯಲ್ಲಿರುವ ಊರುಗೋಲನ್ನು ಕಿತ್ತುಕೊಂಡು ನಡೆ ಎನ್ನುತ್ತಿದ್ದಾರೆ.

ಕಷ್ಟದ್ದು ಮೈಬಣ್ಣ. ‘ಫೇರ್’ ಎಂಬ ಪದವನ್ನು ನಮ್ಮ ಎಷ್ಟೋ ಮಕ್ಕಳು ಮೊದಲು ಓದಿದ್ದು ಕ್ರೀಮಿನ ಟ್ಯೂಬಿನ ಮೇಲೆ. 1975ರಲ್ಲಿ ಮಾರುಕಟ್ಟೆಗೆ ಬಂದ ಆ ಕ್ರೀಮು ತನ್ನ ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ. ಅದೇ ಪದಕ್ಕೆ ‘ನ್ಯಾಯವಾದ’ ಎಂಬ ಅರ್ಥವೂ ಇರುವುದು ವಿಪರ್ಯಾಸ. ಮೈಬಣ್ಣದ, ಮೈಗಾತ್ರದ ಪದಗಳನ್ನೇ ಕಲಿಸಬೇಡಿ, ಮಕ್ಕಳು ನೊಂದುಕೊಳ್ಳುತ್ತಾರೆ ಎಂಬ ವಾದವಿದೆ. ಅರ್ಧ ಒಪ್ಪುತ್ತೇನೆ. ಕರಿಯ, ಡುಮ್ಮ, ಕುಳ್ಳ ಎಂಬ ಅಡ್ಡಹೆಸರುಗಳು ಬೀದಿಯಲ್ಲಿ ಆಗಲೇ ಇವೆ. ಅವಕ್ಕೆ ಇಂಗ್ಲಿಷ್ ಅಂಗಿ ತೊಡಿಸಿ, ಪಕ್ಕದಲ್ಲಿ ಕೂತವಳ ಮೇಲೆಯೇ ಅಭ್ಯಾಸ ಮಾಡಿಸುವುದು ಬೇಡ. ಆದರೆ ಪದವನ್ನೇ ಮುಚ್ಚಿಟ್ಟರೆ ‘ಡಾರ್ಕ್’ ಎಂಬುದು ಬೈಗುಳವೆಂದು ನಾವೇ ಒಪ್ಪಿದಂತೆ. ಕೃಷ್ಣ ಎಂಬ ಹೆಸರಿನ ಅರ್ಥವೇ ಕಪ್ಪು. ಆ ಹೆಸರಿಡಲು ಇಲ್ಲಿ ಯಾರೂ ಹಿಂಜರಿದಿಲ್ಲ. ‘ಎಣ್ಣೆಗೆಂಪು’ ಎಂಬ ಚೆಂದದ ಪದಕ್ಕೆ ಇಂಗ್ಲಿಷಿನಲ್ಲಿ ಜೊತೆ ಸಿಗದಿರಬಹುದು, ಆದರೆ ಗೋಧಿಬಣ್ಣಕ್ಕೆ ಭಾರತೀಯರು ‘ವೀಟಿಶ್’ ಎಂದು ಮಾಡಿಕೊಂಡಿದ್ದಾರೆ. ಲಂಡನ್ನಿನವರು ಹುಬ್ಬೇರಿಸಿದರೆ ಏರಿಸಲಿ, ನಾನಂತೂ ಕಲಿಸುತ್ತೇನೆ.

ಕಲಿಸುವ ಬಗೆಯೂ ಸರಳ. ಒಂದು ಮಗು ಬೋರ್ಡಿನ ಕಡೆ ಮುಖ ಮಾಡಿ ನಿಲ್ಲಲಿ, ಉಳಿದವರು ತಮ್ಮಲ್ಲೇ ಒಬ್ಬರನ್ನು ಆರಿಸಿ ಸುಳಿವು ಕೊಡಲಿ. ‘ಬ್ಯೂಟಿಫುಲ್’ ಎಂಬ ಸುಳಿವು ಅಲ್ಲಿ ಮೊದಲ ಸುತ್ತಿಗೇ ಬಿದ್ದುಹೋಗುತ್ತದೆ, ಅದರಿಂದ ಯಾರೂ ಪತ್ತೆಯಾಗುವುದಿಲ್ಲವಲ್ಲ! ‘ರೆಡ್ ರಿಬ್ಬನ್’ ನಿಲ್ಲುತ್ತದೆ. ಒಮ್ಮೆ ಒಬ್ಬ ಹುಡುಗಿ ಪದ ಸಿಗದೆ ತಡಕಾಡಿ, ಕೊನೆಗೆ ‘ಟೂ ಟೀತ್... ನೋ’ ಎಂದಳು. ಬೋರ್ಡಿನ ಮುಂದಿದ್ದವನು ತಿರುಗುವ ಮೊದಲೇ ಹಿಂದಿನ ಬೆಂಚಿನ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.