ಎಂಜಿನಿಯರ್ಸ್ ಡೇಗೆ ಇನ್ನೊಂದು ಹೆಸರು

ಹೋದ ತಿಂಗಳು ಹಾಸ್ಟೆಲ್‌ನಲ್ಲಿ ನಾವೆಲ್ಲ ಸೇರಿ ಎರಡನೇ ಮಹಾಯುದ್ಧದ ಒಂದು ಸಿನಿಮಾ ನೋಡಿದ್ವಿ. ಹಿಮ, ಬೆಟ್ಟ, ಗುಂಡಿನ ಸದ್ದು, ಅಮೆರಿಕದ ಹೀರೋ. ಮುಗಿದ ಮೇಲೆ ನಾನು ಸುಮ್ನೆ ಕೇಳ್ದೆ, "ಅಲ್ಲಿ ನಮ್ಮವರು ಯಾರೂ ಇರ್ಲಿಲ್ವಾ?" ರೂಮ್‌ಮೇಟ್ ಹೇಳ್ದ, "ಇದ್ರು ಮಗಾ. ಆದ್ರೆ ಬ್ರಿಟಿಷರ ಸಂಬಳಕ್ಕೆ ಹೋದವರು. ಅವರನ್ನ ನಾವ್ಯಾಕೆ ನೆನೆಸ್ಕೋಬೇಕು?"

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದೆ. ಈಗ ಇದೆ ಅನ್ಸತ್ತೆ.

1943ರಿಂದ 1945ರವರೆಗೆ ಸುಮಾರು 50,000 ಭಾರತೀಯ ಸೈನಿಕರು ಇಟಲಿಯಲ್ಲಿ ಜರ್ಮನ್ನರ ವಿರುದ್ಧ ಹೋರಾಡಿದರು. 5,700ಕ್ಕೂ ಹೆಚ್ಚು ಜನ ವಾಪಸ್ ಬರಲೇ ಇಲ್ಲ. ಇಟಲಿ ಅಂದ್ರೆ ನಮಗೆ ಬಿಸಿಲು, ಪಿಜ್ಜಾ. ಆದ್ರೆ ಆ ದೇಶದ ನಡುವೆ ಉದ್ದಕ್ಕೂ ಅಪೆನ್ನೈನ್ ಬೆಟ್ಟಸಾಲು ಇದೆ. ಚಳಿಗಾಲದಲ್ಲಿ ಅಲ್ಲಿ ಮಳೆ, ಕೆಸರು, ಹಿಮ. ಲಾರಿ ಹೋಗದ ಕಡೆ ಊಟ, ಮದ್ದುಗುಂಡು ಎಲ್ಲ ಹೇಸರಗತ್ತೆಗಳ ಬೆನ್ನ ಮೇಲೆ. 1944ರ ಫೆಬ್ರವರಿಯಲ್ಲಿ 4ನೇ ಭಾರತೀಯ ಡಿವಿಷನ್ ಮಾಂಟೆ ಕ್ಯಾಸಿನೊ ಬೆಟ್ಟ ಹತ್ತಲು ಹೋಗಿ ನೂರಾರು ಜನರನ್ನ ಕಳ್ಕೊಂಡಿತು. ಬೆಟ್ಟ ಮಾತ್ರ ಸಿಗಲಿಲ್ಲ.

ಆ ಡಿವಿಷನ್ ಜೊತೆ ಮದ್ರಾಸ್ ಸ್ಯಾಪರ್ಸ್ ಇದ್ದರು. ಸ್ಯಾಪರ್ ಅಂದ್ರೆ ಸೈನ್ಯದ ಎಂಜಿನಿಯರಿಂಗ್ ವಿಭಾಗದವರು. ಹೆಸರು ಮದ್ರಾಸ್, ಆದ್ರೆ ಅವರ ಕೇಂದ್ರ ಇರೋದು ನಮ್ಮ ಬೆಂಗಳೂರಲ್ಲಿ, ಹಲಸೂರು ಕೆರೆ ಪಕ್ಕ. ರಸ್ತೆ ಮಾಡೋದು, ಸೇತುವೆ ಹಾಕೋದು, ನೆಲದಲ್ಲಿ ಹೂತಿಟ್ಟ ಮೈನ್ ಹುಡುಕೋದು ಅವರ ಕೆಲಸ. ಮೈನ್ ಡಿಟೆಕ್ಟರ್ ಒಳಗಿರೋದು ನಾವು ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಓದಿದ ಕಾಯಿಲ್, ಇಂಡಕ್ಷನ್. ನಮಗೆ ಲ್ಯಾಬಲ್ಲಿ ರೀಡಿಂಗ್ ತಪ್ಪಿದ್ರೆ ಎರಡು ಮಾರ್ಕ್ಸ್ ಹೋಗತ್ತೆ ಅಷ್ಟೆ.

ಫೆಬ್ರವರಿ 24ರಂದು ಮಿನ್ಯಾನೊ ಎಂಬಲ್ಲಿ ಸುಬೇದಾರ್ ಸುಬ್ರಮಣಿಯನ್ ಅವರ ತಂಡ ಮೈನ್ ಹುಡುಕುತ್ತಿತ್ತು. ಮುಂದಿದ್ದವನ ಕಾಲಡಿ ಒಂದು ಮೈನ್ ಸಿಕ್ಕಿತು. ಜರ್ಮನ್ನರ ಆ ಮೈನ್ ತುಳಿದ ತಕ್ಷಣ ಸಿಡಿಯಲ್ಲ. ಸುಮಾರು ನಾಲ್ಕು ಸೆಕೆಂಡಾದ ಮೇಲೆ ಮೇಲಕ್ಕೆ ಹಾರಿ ಸಿಡಿದು ಸುತ್ತಲಿದ್ದವರನ್ನೆಲ್ಲ ಕೊಲ್ಲತ್ತೆ. ಅದು ಸುಬೇದಾರರಿಗೆ ಚೆನ್ನಾಗಿ ಗೊತ್ತಿತ್ತು. ಓಡಬಹುದಿತ್ತು. ಅವರು ಮೈನ್ ಮೇಲೆ ಬಿದ್ದರು. ಉಳಿದವರು ಬದುಕಿದರು. ಸತ್ತ ಮೇಲೆ ಅವರಿಗೆ ಜಾರ್ಜ್ ಕ್ರಾಸ್ ಪದಕ ಬಂತು.

ಈಗ ರೂಮ್‌ಮೇಟ್ ಮಾತಿಗೆ ಬರ್ತೀನಿ. ಅವನ ಸಿಟ್ಟು ಸುಳ್ಳಲ್ಲ. ನಮ್ಮನ್ನ ಒಂದು ಮಾತೂ ಕೇಳದೆ ಯುದ್ಧಕ್ಕೆ ಎಳೆದರು. 1942ರಲ್ಲಿ ನಮ್ಮ ನಾಯಕರು ಜೈಲಲ್ಲಿ, 1943ರಲ್ಲಿ ಬಂಗಾಳದಲ್ಲಿ ಬರಗಾಲ. ಆದ್ರೆ ಆ ಲೆಕ್ಕ ಕೇಳಬೇಕಾದ್ದು ಆಳಿದವರ ಹತ್ರ, ಕೆಸರಲ್ಲಿ ಮೈನ್ ಹುಡುಕಿದವರ ಹತ್ರ ಅಲ್ಲ. ಸಂಬಳಕ್ಕೆ ಹೋದವರು ಅಂತ ಬೈಯೋ ಮುಂಚೆ ನಮ್ಮನ್ನ ನೋಡ್ಕೊಳ್ಳೋಣ. ಪ್ಲೇಸ್‌ಮೆಂಟ್‌ಗೆ ಬಂದ ಕಂಪನಿ ಯಾವ ದೇಶದ್ದು ಅಂತ ಯಾರು ಕೇಳ್ತೀವಿ? ಪ್ಯಾಕೇಜ್ ಕೇಳ್ತೀವಿ.

ಅವರನ್ನ ಸ್ವಾತಂತ್ರ್ಯ ಹೋರಾಟಗಾರರು ಅಂತ ಕರೀಬೇಕು ಅಂತ ನಾನು ಹೇಳ್ತಿಲ್ಲ. ಅದು ಸುಳ್ಳಾಗತ್ತೆ. ಕಲಿತ ಕೆಲಸವನ್ನ ಪಕ್ಕದಲ್ಲಿದ್ದವರ ಜೀವ ಉಳಿಸೋಕೆ ಬಳಸಿದವರು ಅಂತ ನೆನೆಸ್ಕೊಂಡ್ರೆ ಸಾಕು. 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ರಾತ್ರಿ ಹಗಲು ನಿಂತು 190 ಅಡಿ ಬೈಲಿ ಸೇತುವೆ ಕಟ್ಟಿದ್ದೂ ಇದೇ ಬೆಂಗಳೂರಿನ ಸ್ಯಾಪರ್‌ಗಳೇ. ಧ್ವಜ ಬದಲಾಯ್ತು, ಕೆಲಸ ಅದೇ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಹಾಕಲೇಬೇಕು. ಈ ಸಲ ಅದರ ಜೊತೆ ಐದು ನಿಮಿಷ ಸುಬೇದಾರ್ ಸುಬ್ರಮಣಿಯನ್ ಅವರಿಗೂ ಕೊಡೋಣ. ಸ್ಲೈಡ್ ನಾನೇ ಮಾಡ್ತೀನಿ. ರೂಮ್‌ಮೇಟ್ ಪ್ರೊಜೆಕ್ಟರ್ ನೋಡ್ಕೊಳ್ತೀನಿ ಅಂದಿದ್ದಾನೆ.