ಹಳೆಯ ಪಿಕಪ್‌ಗೆ ವಯಸ್ಸಿನ ದಂಡ

ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರು ರಾಯದುರ್ಗ, ಮಡಕಶಿರಾಗಳಲ್ಲೂ ಇದ್ದಾರೆ. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮಳೆ ಕಡಿಮೆಯಾದ ಆ ಸೀಮೆಯ ಸಣ್ಣ ರೈತನಿಗೆ ಹಳೆಯ ಡೀಸೆಲ್ ಪಿಕಪ್ಪೇ ಆಧಾರ.

2021ರ ಗುಜರಿ ನೀತಿಯ ಪ್ರಕಾರ ಗಾಡಿಯ ಹಣೆಬರಹ ನಿರ್ಧರಿಸುವುದು ಅರ್ಹತಾ ಪರೀಕ್ಷೆ. ಆದರೆ 2022ರ ಎಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕವನ್ನು ಕೇಂದ್ರ ಸರಕಾರ ಹಲವು ಪಟ್ಟು ಏರಿಸಿತು. ಪರೀಕ್ಷೆ ಸ್ಥಿತಿಯನ್ನು ನೋಡುತ್ತದೆ, ಶುಲ್ಕ ವಯಸ್ಸನ್ನು ನೋಡುತ್ತದೆ. ಇದೇ ವಿಪರ್ಯಾಸ.

ಹಳೆಯ ಡೀಸೆಲ್ ಎಂಜಿನಿನಲ್ಲಿ ಕಂಪ್ಯೂಟರ್ ಇಲ್ಲ. ಧೂಳು ತುಂಬಿದ ಏರ್ ಫಿಲ್ಟರ್ ಶುಚಿಗೊಳಿಸುವುದು, ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರು ಬಸಿಯುವುದು, ಪೈಪಿಗೆ ಹೊಕ್ಕ ಗಾಳಿ ತೆಗೆಯುವುದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು ಮಾಲಕನ ಕೈಯಲ್ಲೇ ಇದೆ. ಡೀಸೆಲ್ ಪಂಪ್, ನೋಜಲುಗಳನ್ನು ಮಾತ್ರ ಪರೀಕ್ಷಾ ಯಂತ್ರವಿರುವ ಅಂಗಡಿಗೇ ಒಯ್ಯಬೇಕು. ಬ್ರೇಕಿನಲ್ಲಿ ಅರೆಬರೆ ಪ್ರಯೋಗ ಸಲ್ಲದು. 2020ರ ಎಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳು ಕಡಿಮೆ ಹೊಗೆ ಬಿಡುತ್ತವೆ, ನಿಜ. ಆದರೆ ಅವುಗಳ ದೋಷ ಪತ್ತೆಗೆ ಸ್ಕ್ಯಾನರ್ ಬೇಕು.

ಕರಿಹೊಗೆ ಕಾರುವ, ಚಾಸಿ ತುಕ್ಕು ಹಿಡಿದ ಗಾಡಿ ಗುಜರಿಗೆ ಹೋಗಲಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಗಾಡಿಗೆ ಹೆಚ್ಚುವರಿ ಶುಲ್ಕವೇಕೆ? ಹೊಸ ಗಾಡಿಯ ಸಾಲ ಹೊರಲಾರದ ರೈತ ತನ್ನ ಹಳೆಯ ಗಾಡಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡದ್ದು ಅಪರಾಧವಲ್ಲ. ಸರಕಾರ ಈ ಶುಲ್ಕವನ್ನು ಮರುಪರಿಶೀಲಿಸಬೇಕು. ಗಡಿಭಾಗದ ಐಟಿಐಗಳಲ್ಲಿ ಇಂತಹ ದುರಸ್ತಿಯ ಅಲ್ಪಾವಧಿ ತರಬೇತಿ ಕನ್ನಡದಲ್ಲಿಯೂ ದೊರೆಯಬೇಕು.