ಗಾಯಕರು ಬರಬೇಕಾದದ್ದು ಯಾವಾಗ?

ಕಂಟ್ರಿ ಸಂಗೀತದ ದೊಡ್ಡ ತಾರೆಯನ್ನು ಹಾಲಿವುಡ್ ಎಷ್ಟೋ ಸಲ ಕರೆಯುವುದು ಚಿತ್ರೀಕರಣವೆಲ್ಲ ಮುಗಿದ ಮೇಲೆ. ಕೊನೆಯಲ್ಲಿ ಹೆಸರುಗಳು ಉರುಳುವಾಗ ಒಂದು ಹಾಡು, ಪೋಸ್ಟರಿನ ಮೇಲೆ ಒಂದು ಹೆಸರು, ಅಲ್ಲಿಗೆ ಕೆಲಸ ಮುಗಿಯಿತು. ಇದರಿಂದ ಆಲ್ಬಂ ಮಾರಾಟವಾದೀತು. ಚಿತ್ರಕ್ಕೆ ದಕ್ಕುವುದು ಕಡಿಮೆ. ತಾರೆಯ ಜೊತೆ ಕೂತು ಸಂಗೀತ ಕಟ್ಟಬೇಕೆನ್ನುವವರು ಅವರನ್ನು ಮೊದಲೇ ಕರೆಸಬೇಕು, ಬೇಕಾದಾಗ ತಮ್ಮ ಲೆಕ್ಕಾಚಾರವನ್ನು ಅವರ ಮಾತಿಗೆ ಬಿಟ್ಟುಕೊಡಬೇಕು. ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಚಿತ್ರದಲ್ಲಿ ಆದದ್ದು ಇದೇ. ಸಂಗೀತದ ಹೊಣೆ ಹೊತ್ತ ಟಿ ಬೋನ್ ಬರ್ನೆಟ್ ಹಾಡುಗಳನ್ನು ಚಿತ್ರೀಕರಣಕ್ಕೆ ಮುಂಚೆಯೇ ಧ್ವನಿಮುದ್ರಿಸಿದರು. ಜಾರ್ಜ್ ಕ್ಲೂನಿಯ ತುಟಿಗೆ ಡ್ಯಾನ್ ಟೈಮಿನ್ಸ್ಕಿಯ ಕಂಠ ಸೇರಿತು. (ಹಿನ್ನೆಲೆ ಗಾಯನ ಕೇಳುತ್ತಲೇ ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ.) ವರ್ಜೀನಿಯಾದ ಹಿರಿಯ ಗಾಯಕ ರಾಲ್ಫ್ ಸ್ಟ್ಯಾನ್ಲಿ ಅವರಿಂದ ಸಾವಿನ ಹಾಡೊಂದನ್ನು ಬ್ಯಾಂಜೋ ಸಮೇತ ಹಾಡಿಸಬೇಕೆಂದಿದ್ದರು ಬರ್ನೆಟ್. ವಾದ್ಯವೇ ಬೇಡ, ನನ್ನ ರೀತಿಯಲ್ಲಿ ಬರೀ ಕಂಠದಲ್ಲಿ ಹಾಡುತ್ತೇನೆ ಎಂದರು ಸ್ಟ್ಯಾನ್ಲಿ. ಬರ್ನೆಟ್ ಒಪ್ಪಿದರು. ಚಿತ್ರದಲ್ಲಿ ಕೂ ಕ್ಲಕ್ಸ್ ಕ್ಲಾನಿನ ರಾತ್ರಿ ಸಭೆಗೆ ಆ ಒಂಟಿ ದನಿ ತಂದ ಭಯ ಯಾವ ವಾದ್ಯಮೇಳಕ್ಕೂ ಒಲಿಯುವಂಥದ್ದಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹಿನ್ನೆಲೆ ಸಂಗೀತವನ್ನು ದೃಶ್ಯದ ಅಳತೆಗೆ ಹೊಲಿಯಬೇಕು, ಸೆಕೆಂಡಿನ ಲೆಕ್ಕದಲ್ಲಿ. ಪಲ್ಲವಿ ಚರಣಗಳ ಹಾಡು ಹಾಗೆ ಬಗ್ಗುವುದಿಲ್ಲ, ಮೇಲಾಗಿ ಪರಿಚಿತ ಕಂಠ ಕೇಳಿದೊಡನೆ ಪ್ರೇಕ್ಷಕ ಪಾತ್ರವನ್ನು ಮರೆತು ತಾರೆಯನ್ನು ನೆನೆಯುತ್ತಾನೆ. ನಿಜ. ಆದರೆ ಇದು ಕೆಲಸವನ್ನು ಹಂಚಿಕೊಳ್ಳುವ ಪ್ರಶ್ನೆ, ತಾರೆಯನ್ನು ದೂರವಿಡಲು ಕಾರಣವಲ್ಲ. ‘ನೈನ್ ಟು ಫೈವ್’ (1980) ಚಿತ್ರದ ಹಿನ್ನೆಲೆ ಸಂಗೀತ ಚಾರ್ಲ್ಸ್ ಫಾಕ್ಸ್ ಅವರದು, ಶೀರ್ಷಿಕೆಯ ಹಾಡು ಡಾಲಿ ಪಾರ್ಟನ್ ಅವರದು. ಸೆಟ್ಟಿನಲ್ಲಿ ತಮ್ಮ ಉದ್ದನೆಯ ಕೃತಕ ಉಗುರುಗಳನ್ನು ಒಂದಕ್ಕೊಂದು ತಿಕ್ಕಿದಾಗ ಟೈಪ್‌ರೈಟರಿನ ಸದ್ದು ಬರುವುದನ್ನು ಗಮನಿಸಿದ ಪಾರ್ಟನ್ ಅದನ್ನೇ ತಾಳವಾಗಿಸಿಕೊಂಡು ಹಾಡು ಕಟ್ಟಿದರು. ಧ್ವನಿಮುದ್ರಿಕೆಯಲ್ಲೂ ಆ ಉಗುರಿನ ಸದ್ದಿದೆ. ಕಚೇರಿಯ ಹೆಣ್ಣುಮಕ್ಕಳ ಕಥೆಗೆ ಇದಕ್ಕಿಂತ ತಕ್ಕ ವಾದ್ಯ ಯಾವುದು? ಪಾರ್ಟನ್ ನಟಿಯೂ ಆಗಿದ್ದರು, ಅದಕ್ಕೇ ಸೆಟ್ಟಿನಲ್ಲಿದ್ದರು, ಎಲ್ಲ ಗಾಯಕರಿಗೂ ಅದು ಸಾಧ್ಯವೇ ಎನ್ನಬಹುದು. ನಟಿಸಬೇಕಿಲ್ಲ, ಹಾಡು ಹುಟ್ಟುವ ಜಾಗದಲ್ಲಿ ಇದ್ದರೆ ಸಾಕು.

ಮಾರುಕಟ್ಟೆಯ ಅಂಜಿಕೆಗೂ ಹೆಚ್ಚು ಆಧಾರವಿಲ್ಲ. ‘ಓ ಬ್ರದರ್’ ಹಾಡುಗಳನ್ನು ಕಂಟ್ರಿ ರೇಡಿಯೋ ಹೆಚ್ಚೇನೂ ನುಡಿಸಲಿಲ್ಲ. ಆದರೂ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಗಿ, 2002ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿಯನ್ನೂ ಗೆದ್ದಿತು. ಪೋಸ್ಟರಿನಲ್ಲಿ ತಾರೆಯ ಹೆಸರು ಎಷ್ಟು ದಪ್ಪ ಇರಬೇಕೆಂದು ಚೌಕಾಶಿ ಮಾಡುವ ನಿರ್ಮಾಪಕರು ಅವರು ಯಾವ ತಿಂಗಳಿಂದ ಕೆಲಸಕ್ಕೆ ಕೂರಬೇಕೆಂಬುದನ್ನೂ ಒಪ್ಪಂದದಲ್ಲಿ ಬರೆಯಲಿ.